ಬಲಗಡೆಯಿಂದ ಬರುವ ಕೈ

ರನ್‌ವೇ ಹತ್ತು ಅಡಿ ಕೆಳಗಿತ್ತು. ವಿಮಾನದ ಮೂಗನ್ನು ನಿಧಾನವಾಗಿ ಮೇಲೆತ್ತಿ, ಹಿಂದಿನ ಎರಡು ಚಕ್ರಗಳ ಮೇಲೆ ಕೂರಿಸಬೇಕಾದ ಹೊತ್ತು. ಎಂಜಿನ್ ಇನ್ನೂ ತುಸು ಜೋರಾಗಿದೆ ಅನ್ನಿಸಿ ನಾನು ಅದನ್ನು ತಗ್ಗಿಸುವ ಥ್ರಾಟಲ್ ಕಡೆಗೆ ಎಡಗೈ ಚಾಚಿದೆ. ಪಕ್ಕದ ಸೀಟಿನಲ್ಲಿ ವಿಮಾನ ನಡೆಸುತ್ತಿದ್ದ ಹುಡುಗಿ ಕೈಲಿದ್ದದ್ದನ್ನೆಲ್ಲ ಬಿಟ್ಟು ಎರಡೂ ತೋಳುಗಳಿಂದ ಮುಖ ಮುಚ್ಚಿಕೊಂಡಳು.

ವಿಮಾನ ಮೂಗು ತಗ್ಗಿಸಿ ಬಿತ್ತು. ಮುಂದಿನ ಚಕ್ರ ಮೊದಲು ನೆಲಕ್ಕೆ ಅಪ್ಪಳಿಸಿತು, ಪುಟಿಯಿತು, ಮತ್ತೆ ಅಪ್ಪಳಿಸಿತು. ಹಲ್ಲಿಗೆ ಹಲ್ಲು ಬಡಿದು ನಾಲಗೆ ಕಚ್ಚಿಕೊಂಡೆ. ಮೂರನೆಯ ಸಲ ಬಿದ್ದರೆ ಪಂಖ ನೆಲಕ್ಕೆ ಹೊಡೆಯುವುದು ಖಂಡಿತ. ಥ್ರಾಟಲ್ ಪೂರ್ತಿ ಒತ್ತಿ, ಚುಕ್ಕಾಣಿಯ ಯೋಕ್ ಹಿಡಿದು, ಉಳಿದ ರನ್‌ವೇ ಮೇಲೆಯೇ ತೆವಳಿಸಿಕೊಂಡು ವಿಮಾನವನ್ನು ಮೇಲಕ್ಕೆತ್ತಿದೆ. ಒಂದು ಸುತ್ತು ಹಾಕಿ ನಾನೇ ಇಳಿಸಿದೆ.

ಎಂಜಿನ್ ನಿಲ್ಲಿಸಿದ ಮೇಲೆ ಅವಳು ಮೆಲ್ಲಗೆ ಅಂದಳು, “ಸಾರಿ ಮೇಡಂ. ಕೈ ಜಾರ್ತು.”

ಜಾರಿದ ಕೈ ಮುಖ ಮುಚ್ಚಿಕೊಳ್ಳುವುದಿಲ್ಲ. ಬಾಯಲ್ಲಿದ್ದ ರಕ್ತ ಉಗುಳಿ, ಮೆಕ್ಯಾನಿಕ್‌ನನ್ನು ಕರೆದು ಮುಂದಿನ ಚಕ್ರದ ಕಾಲು ತೋರಿಸಿದೆ.

ನಮ್ಮ ತರಬೇತಿ ಶಾಲೆ ಇದ್ದದ್ದು ಪುಣೆಯಿಂದ ಆಚೆ, ಸೊಲ್ಲಾಪುರದ ಹಾದಿಯಲ್ಲಿ. ಸುತ್ತ ಕಬ್ಬಿನ ಗದ್ದೆ, ನಡುವೆ ಒಂದೇ ರನ್‌ವೇ. ಖರಾಡಿಯ ನನ್ನ ಮನೆಯಿಂದ ಬೆಳಕು ಹರಿಯುವ ಮುಂಚೆ ಹೊರಟರೆ ಗಾಳಿ ಏಳುವ ಮೊದಲು ಎರಡು ಹಾರಾಟ ಮುಗಿಸಬಹುದಿತ್ತು. ಆ ವರ್ಷ ಮಳೆಗಾಲ ಮುಗಿದ ಮೇಲೆ ನಾನು ಅಲ್ಲಿಗೆ ಸೇರಿದ್ದೆ. ಬೋಧಕರಲ್ಲಿ ನಾನೊಬ್ಬಳೇ ಹೆಂಗಸು. ಹೀಗಾಗಿ ಇನ್ನು ಆಗುವುದಿಲ್ಲ ಎಂದು ಬಿಟ್ಟ ಹುಡುಗಿಯರನ್ನೆಲ್ಲ ನನ್ನ ಪಾಲಿಗೆ ಹಾಕುತ್ತಿದ್ದರು.

ಈ ಹುಡುಗಿಯ ಮನೆ ಭೋಸರಿಯಲ್ಲಿ. ತಂದೆ ಯಾದಗಿರಿ ಕಡೆಯವರು. ಕಟ್ಟಡದ ಕೂಲಿಗೆಂದು ಪುಣೆಗೆ ಬಂದು, ಈಗ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮಷೀನ್ ನಡೆಸುತ್ತಿದ್ದರು. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಅವಳು ಪೈಲಟ್ ತರಬೇತಿಗೆ ಬಂದಿದ್ದಳು. ಒಬ್ಬಳೇ ಹಾರುವ ಹಂತ ಮುಟ್ಟದಿದ್ದರೆ ಅದು ನಿಲ್ಲುತ್ತಿತ್ತು, ಅವಳು ಮನೆಗೆ ಹೋಗಬೇಕಿತ್ತು. ಅವಳ ಜೊತೆಯವರೆಲ್ಲ ಒಬ್ಬೊಬ್ಬರೇ ಹಾರಿ ಆಗಿತ್ತು. ನನಗಿಂತ ಮೊದಲು ಅವಳಿಗೆ ಕಲಿಸುತ್ತಿದ್ದವರು ಶಾಲೆಯ ಮುಖ್ಯ ಬೋಧಕರು. ಅವಳನ್ನು ನನಗೆ ಒಪ್ಪಿಸುವಾಗ ಅವರು ಹೇಳಿದ್ದು ಇಷ್ಟೇ: ಪ್ರತಿ ಸಲ ಎಡಕ್ಕೆ ಸರಿಯುತ್ತಾಳೆ, ಎಷ್ಟು ಹೇಳಿದರೂ ತಿದ್ದಿಕೊಳ್ಳುವುದಿಲ್ಲ, ನೀನೂ ಒಂದು ಕೈ ನೋಡು.

ಮೂಗು ಬಡಿದು ಇಳಿದ ಆ ದಿನ ಮಧ್ಯಾಹ್ನ ನಲ್ಲಿಯ ಹತ್ತಿರ ಅವಳು ಅಂಗಿಯ ತೋಳು ಮೇಲೆ ಮಡಚಿ ಕೈ ತೊಳೆಯುತ್ತಿದ್ದಳು. ಬಲತೋಳು ಮೊಣಕೈಯಿಂದ ಮೇಲಕ್ಕೆ ಕಂದಿಹೋಗಿತ್ತು. ಕೆಲವು ಗಾಯ ಹಳದಿಗೆ ತಿರುಗಿದ್ದವು, ಕೆಲವು ಇನ್ನೂ ಕಪ್ಪಗಿದ್ದವು. ಗೆಣ್ಣುಗಳ ಮೇಲೆ ನೇರ ಗೆರೆ ಎಳೆದಂಥ ಗುರುತು. ಎಡತೋಳಿನಲ್ಲಿ ಏನೂ ಇರಲಿಲ್ಲ. ಇಬ್ಬರು ಕೂರುವ ವಿಮಾನದಲ್ಲಿ ಕಲಿಯುವವಳು ಎಡಗಡೆ, ಕಲಿಸುವವನು ಬಲಗಡೆ. ನಾನು ಕೇಳುವುದಕ್ಕೆ ಮೊದಲೇ ಅವಳು ತೋಳು ಕೆಳಗಿಳಿಸಿ ಗುಂಡಿ ಹಾಕಿಕೊಂಡಳು.

ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಅಳಲಿಲ್ಲ. “ನನ್ನೊಬ್ಬಾಕಿಗಿ ಅಲ್ರಿ ಮೇಡಂ. ದೊಡ್ಡ ಸರ್ ಹುಡುಗೋರಿಗೂ ಹೊಡಿತಾರ. ಹುಡುಗೋರು ಕೆಳಗ ಇಳದ್ ಮ್ಯಾಲ ನಗ್ತಾರ, ಅಷ್ಟೇ,” ಅಂದಳು.

ಮುಖ್ಯ ಬೋಧಕರು ತೊಡೆಗೆ ಒಂದು ಅಲ್ಯುಮಿನಿಯಂ ಹಲಗೆ ಕಟ್ಟಿಕೊಳ್ಳುತ್ತಿದ್ದರು. ನಕ್ಷೆ ಸಿಕ್ಕಿಸಿಕೊಳ್ಳಲು ಪೈಲಟ್‌ಗಳು ಇಟ್ಟುಕೊಳ್ಳುವಂಥದ್ದು. ತಪ್ಪಾದರೆ ಅದರ ಅಂಚಿನಿಂದ ಗೆಣ್ಣಿಗೆ, ತೋಳಿಗೆ ಹೊಡೆಯುತ್ತಿದ್ದರು. ದೊಡ್ಡ ತಪ್ಪಾದರೆ ಅಂಗೈ ಬೀಸಿ ಹೆಡ್‌ಸೆಟ್‌ನ ಬಟ್ಟಲಿನ ಮೇಲೆ ಬಾರಿಸುತ್ತಿದ್ದರು. ಹಾಗೆ ಬಿದ್ದಾಗ ಕಿವಿಯೊಳಗೆ ಗಾಳಿ ಗುದ್ದಿ ಸ್ವಲ್ಪ ಹೊತ್ತು ಏನೂ ಕೇಳುವುದಿಲ್ಲ. ನಾನು ಹೋಗಿ ಅವರನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ. ತಮಗೂ ಹೀಗೆಯೇ ಕಲಿಸಿದ್ದರು, ಮೈ ಕಲಿತದ್ದನ್ನು ಮೈ ಮರೆಯುವುದಿಲ್ಲ ಎಂದರು. ಆಮೇಲೆ ನಕ್ಕು, “ಬರಾಬರಿ ಚಾಹಿಯೇ ಥಾ ನಾ?” ಎಂದರು. ಸಮಾನತೆ ಕೇಳಿದವರು ನೀವೇ ಅಲ್ಲವೇ, ಹುಡುಗರಿಗೆ ಕೊಟ್ಟಷ್ಟೇ ನಿಮಗೂ ಕೊಡುತ್ತಿದ್ದೇನೆ.

ಉಳಿದ ಬೋಧಕರು ಹೊಡೆಯುತ್ತಿರಲಿಲ್ಲ. ಅವರದು ಇನ್ನೊಂದು ರೀತಿ. ಹುಡುಗಿ ಪಕ್ಕದಲ್ಲಿದ್ದರೆ ಅವರ ಎರಡೂ ಕಾಲು ಪೆಡಲ್ ಮೇಲೆ, ಎರಡು ಬೆರಳು ಯೋಕ್ ಮೇಲೆ ಇದ್ದೇ ಇರುತ್ತಿದ್ದವು. ಅಡ್ಡಗಾಳಿ ಇದ್ದರೆ ಅವರೇ ಇಳಿಸುತ್ತಿದ್ದರು, ತಾನೇ ಇಳಿಸಿದೆ ಎಂದು ಹುಡುಗಿ ನಂಬುತ್ತಿದ್ದಳು. ಹಾಗೆ ಕಲಿತ ಒಬ್ಬಳು ಒಂಟಿಯಾಗಿ ಹಾರಿದ ದಿನ ರನ್‌ವೇ ಬಿಟ್ಟು ಕಬ್ಬಿನೊಳಗೆ ನುಗ್ಗಿದ್ದಳು. ಕಾಲಿನ ಮೂಳೆ ಮುರಿದುಕೊಂಡು ಹೋದವಳು ಮತ್ತೆ ಬರಲಿಲ್ಲ. ಹೊಡೆಯುವವರಾಗಲಿ ಕಾಯುವವರಾಗಲಿ, ಹುಡುಗಿಯ ಕೈಗೆ ವಿಮಾನ ಕೊಟ್ಟವರು ಯಾರೂ ಇರಲಿಲ್ಲ.

ಮುಂದಿನ ಹಾರಾಟಗಳಲ್ಲಿ ನಾನು ರನ್‌ವೇ ನೋಡುವುದು ಬಿಟ್ಟು ಅವಳನ್ನು ನೋಡಿದೆ. ಬೋಧಕರು ಸಾಮಾನ್ಯವಾಗಿ ಹೀಗೆ ನೋಡುವುದಿಲ್ಲ, ಹೊರಗೆ ಕಣ್ಣಿಟ್ಟಿರುತ್ತಾರೆ. ನೆಲ ಹತ್ತಿರ ಬಂದಂತೆ ಅವಳ ಬಲಭುಜ ಕಿವಿಯವರೆಗೆ ಏರುತ್ತಿತ್ತು. ತಲೆ ಎಡಕ್ಕೆ ವಾಲಿ ಕಿಟಕಿಗೆ ತಾಗುವಷ್ಟಾಗುತ್ತಿತ್ತು. ಬಲಗಡೆಯಿಂದ ಬರುವ ಏಟಿಗೆ ದೂರ ಸರಿದು ಕೂತ ಭಂಗಿ ಅದು. ತಲೆ ವಾಲಿದರೆ ರನ್‌ವೇಯೂ ವಾಲಿದಂತೆ ಕಾಣುತ್ತದೆ, ಅದಕ್ಕೆ ಸರಿಯಾಗಿ ಕೈ ರೆಕ್ಕೆ ಇಳಿಸುತ್ತದೆ, ವಿಮಾನ ಎಡಕ್ಕೆ ಹೋಗುತ್ತದೆ. ಎಡಕ್ಕೆ ಹೋಗಿದ್ದಕ್ಕೆ ಏಟು, ಏಟಿಗೆ ಹೆದರಿ ಇನ್ನಷ್ಟು ಎಡಕ್ಕೆ.

ಎಂಜಿನ್ ಹಚ್ಚದೆ, ನಿಂತ ವಿಮಾನದಲ್ಲಿ ಕೂತು ಮೊದಲಿನಿಂದ ಶುರು ಮಾಡಿದೆವು. ನನ್ನ ಕೈ ಏಳುವ ಮೊದಲು ಬಾಯಲ್ಲಿ ಹೇಳುವುದು ನನ್ನ ನಿಯಮ. “ಈಗ ನನ್ನ ಕೈ ಫ್ಲಾಪಿಗೆ ಹೊಂಟದ,” ಎಂದು ಹೇಳಿ, ಅವಳು ಹೂಂ ಅಂದ ಮೇಲೆ ಕೈ ಎತ್ತುತ್ತಿದ್ದೆ. ಮೊದಮೊದಲು ಹೇಳಿ ಎತ್ತಿದರೂ ಅವಳು ಕಣ್ಣು ಮುಚ್ಚುತ್ತಿದ್ದಳು. ಬಿಸಿಲಿಗೆ ಕಾದ ತಗಡಿನ ಡಬ್ಬಿಯಂಥ ಆ ಕಾಕ್‌ಪಿಟ್‌ನಲ್ಲಿ ಬೆವರು ಸುರಿಸುತ್ತ ಫ್ಲಾಪು, ಟ್ರಿಮ್ಮು, ಥ್ರಾಟಲ್ ಎಂದು ಒಂದೊಂದೇ ಹಿಡಿಕೆಯ ಹೆಸರು ಜಪ ಮಾಡಿದೆವು. ಬೇರೆಯವರು ಹ್ಯಾಂಗರಿನ ನೆರಳಲ್ಲಿ ನಿಂತು ನಗುತ್ತಿದ್ದರು. ಒಂದು ದಿನ ಜಾಗ ಬದಲಿಸಿ ಅವಳನ್ನು ನನ್ನ ಸೀಟಿಗೆ ಕೂರಿಸಿ, ಥ್ರಾಟಲ್ ಮೇಲೆ ಕೈ ಚಾಚಲು ಹೇಳಿದೆ. ಚಾಚಿದಳು. ಅಲ್ಲಿಂದ ಕೈ ಎಷ್ಟು ದೂರ ಬರಬೇಕು, ಯಾಕೆ ಬರುತ್ತದೆ ಎಂದು ಅವಳೇ ನೋಡಿಕೊಂಡಳು.

ಗಾಳಿಯಲ್ಲಿ ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಕೂತೆ. ಇದು ಹೇಳಿದಷ್ಟು ಸುಲಭವಲ್ಲ. ವಿಮಾನ ತಪ್ಪು ಎತ್ತರದಲ್ಲಿ ನೆಲದ ಮೇಲೆ ತೇಲುತ್ತಿರುವಾಗ ಬೋಧಕರ ಕೈ ತಾನಾಗಿ ಏಳುತ್ತದೆ. ಏಳಗೊಡದೆ ಬರೀ ಬಾಯಲ್ಲಿ ಹೇಳಿದೆ. ಭುಜ ಇಳಿಸು. ತಲಿ ನೆಟ್ಟಗ. ಕೊನಿ ತನಕ ನೋಡು. ಎಡಕ್ಕೆ ಸರಿಯುವುದು ಕಡಿಮೆಯಾಯಿತು. ಒಂದು ಮುಂಜಾನೆ ನಡುಗೆರೆಯ ಮೇಲೆ ಕುಲುಕದಂತೆ ಇಳಿಸಿದಳು. ಚಕ್ರ ತಾಗಿದ್ದು ನನಗೆ ಗೊತ್ತಾದದ್ದು ಸದ್ದಿನಿಂದ.

ಮುಂದಿನ ಪಾಠ ಸ್ಟಾಲ್. ಮೂಗು ತೀರ ಮೇಲೆತ್ತಿದರೆ ರೆಕ್ಕೆಗಳಿಗೆ ಗಾಳಿಯ ಹಿಡಿತ ತಪ್ಪಿ ವಿಮಾನ ಬೀಳಲು ತೊಡಗುತ್ತದೆ. ಆಗ ಮೂಗು ಇಳಿಸಿ ಮತ್ತೆ ವೇಗ ಪಡೆಯಬೇಕು. ಒಂಟಿಯಾಗಿ ಹಾರುವ ಮೊದಲು ಇದನ್ನು ಕಲಿಯಲೇಬೇಕು. ಗದ್ದೆಗಳ ಮೇಲೆ ಮೂರೂವರೆ ಸಾವಿರ ಅಡಿ ಏರಿದೆವು. ಎರಡು ಸಲ ಚೆನ್ನಾಗಿ ಮಾಡಿದಳು. ಮೂರನೆಯದು ಎಂಜಿನ್ನಿನ ಪೂರ್ತಿ ಶಕ್ತಿಯೊಂದಿಗೆ. ಮೂಗು ಆಕಾಶಕ್ಕೆ ನೆಟ್ಟಿತು, ಎಚ್ಚರಿಕೆಯ ಪೀಪಿ ಕೂಗಿತು, ವಿಮಾನ ನಡುಗಿತು. ಎಡರೆಕ್ಕೆ ಒಮ್ಮೆಲೇ ಕೆಳಗೆ ಬಿತ್ತು.

ಹೇಳಿ ಕೈ ಎತ್ತಲು ಸಮಯ ಇರಲಿಲ್ಲ. ನನ್ನ ಕೈ ನೇರ ಥ್ರಾಟಲ್‌ಗೆ ಹೋಯಿತು. ಅವಳು ಬೆಚ್ಚಿ ತಲೆ ತಗ್ಗಿಸಿದಳು. ಈ ಸಲ ಯೋಕ್ ಬಿಡಲಿಲ್ಲ, ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಳು. ವಿಮಾನ ಬೋರಲಾಗಿ ಎಡಕ್ಕೆ ಗಿರಗಿರ ತಿರುಗತೊಡಗಿತು. ಕಿಟಕಿಯ ತುಂಬ ಹಸಿರು ಗದ್ದೆ, ಕಂದು ಗದ್ದೆ, ಒಂದು ಕಾಲುವೆ, ಮತ್ತೆ ಅದೇ ಹಸಿರು ಗದ್ದೆ. ಎಂಜಿನ್ ತಗ್ಗಿಸಿ ಬಲಪೆಡಲ್ ಪೂರ್ತಿ ತುಳಿದೆ. ಸುತ್ತು ನಿಲ್ಲಬೇಕಾದರೆ ಯೋಕ್ ಮುಂದಕ್ಕೆ ಹೋಗಲೇಬೇಕಿತ್ತು. ಎರಡೂ ಸೀಟಿನ ಯೋಕ್‌ಗಳು ಒಂದಕ್ಕೊಂದು ಜೋಡಿಸಿದವು, ನನ್ನದನ್ನು ಎರಡು ಕೈಯಿಂದ ನೂಕಿದರೂ ಅಲುಗಲಿಲ್ಲ. ಅವಳ ಮೈಯ ಬಲವೆಲ್ಲ ಆ ಹಿಡಿತದಲ್ಲಿತ್ತು. “ಬಿಡು,” ಎಂದು ಕೂಗಿದೆ. ಕನ್ನಡದಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಕೂಗಿದೆ. ಅವಳ ಕಣ್ಣು ಬಿಗಿಯಾಗಿ ಮುಚ್ಚಿತ್ತು.

ಮೊಣಕೈಯಿಂದ ಅವಳ ಮುಂಗೈ ಮೇಲೆ ಗುದ್ದಿದೆ. ಬಿಡಲಿಲ್ಲ. ಮತ್ತೆ ಗುದ್ದಿದೆ. ಆಮೇಲೆ ಮುಷ್ಟಿ ತಿರುಗಿಸಿ ಅವಳ ಮೂಗಿಗೆ ಹೊಡೆದೆ. ಇದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಮೆತ್ತಗಿನದೇನೋ ಮುರಿದಂತೆ ನನ್ನ ಗೆಣ್ಣಿಗೆ ಗೊತ್ತಾಯಿತು. ಅವಳ ಕೈ ಮೂಗಿಗೆ ಹೋಯಿತು, ಯೋಕ್ ಬಿಟ್ಟಿತು. ಮುಂದಕ್ಕೆ ನೂಕಿದೆ. ಸುತ್ತು ನಿಂತಿತು. ನೇರ ಕೆಳಗೆ ಧುಮುಕುತ್ತಿದ್ದ ವಿಮಾನವನ್ನು ಮೆಲ್ಲಗೆ ಎಳೆದು ಸಮಕ್ಕೆ ತಂದಾಗ ನೆಲಕ್ಕೆ ಸಾವಿರ ಅಡಿ ಚಿಲ್ಲರೆ ಉಳಿದಿತ್ತು. ಕೆಳಗೆ ಟ್ರ್ಯಾಕ್ಟರ್ ಮೇಲೆ ಕೂತವನೊಬ್ಬ ತಲೆಯೆತ್ತಿ ನಮ್ಮನ್ನು ನೋಡುತ್ತಿದ್ದ.

ವಾಪಸು ಬರುವಾಗ ಅವಳು ಕರವಸ್ತ್ರ ಒತ್ತಿಕೊಂಡು ಮುಂದೆ ನೋಡುತ್ತ ಕೂತಿದ್ದಳು. ಎದೆಯ ಮೇಲಿನ ಬಿಳಿ ಅಂಗಿ ಕೆಂಪಾಗಿತ್ತು. ಹ್ಯಾಂಗರಿನ ಎದುರು ಇಳಿದಾಗ ಮುಖ್ಯ ಬೋಧಕರು ಅವಳ ಮುಖ ನೋಡಿದರು, ನನ್ನ ಕೈ ನೋಡಿದರು. ನನ್ನ ಬೆನ್ನು ತಟ್ಟಿದರು. ನಾನು ಆ ಕೈಯಿಂದ ಸರಿದೆ. ನಲ್ಲಿಗೆ ಹೋಗಿ ಗೆಣ್ಣಿನ ಮೇಲಿದ್ದ ಅವಳ ರಕ್ತ ತೊಳೆದೆ.

ಅವಳು ಬರುವುದನ್ನು ನಿಲ್ಲಿಸಿದಳು. ಫೋನ್ ಎತ್ತಲಿಲ್ಲ. ವಾರ ಕಳೆದ ಮೇಲೆ ಭೋಸರಿಗೆ ಹೋದೆ. ಕಾರ್ಖಾನೆಗಳ ಹಿಂದಿನ ಓಣಿ, ಮಹಡಿಯ ಮೇಲೆ ಎರಡು ಖೋಲಿ. ತಂದೆ ಎರಡನೇ ಪಾಳಿಗೆ ಹೊರಡುವವರಿದ್ದರು. ಬಾಗಿಲಲ್ಲಿ ಮರಾಠಿಯಲ್ಲಿ ಶುರುವಾದ ಮಾತು ಒಳಗೆ ಕನ್ನಡಕ್ಕೆ ತಿರುಗಿತು. ನಾನು ನಡೆದದ್ದನ್ನೆಲ್ಲ ಹೇಳಿದೆ. ಮುಖ್ಯ ಬೋಧಕರ ಏಟು, ಆಮೇಲೆ ನನ್ನದು. ಅವರು ನೆಲ ನೋಡುತ್ತ ಕೇಳಿದರು. ಅವರ ಎಡಗೈಯಲ್ಲಿ ಎರಡು ಬೆರಳು ಅರ್ಧದವರೆಗಷ್ಟೇ ಇದ್ದವು, ಪ್ರೆಸ್ ಮಷೀನ್ ತೆಗೆದುಕೊಂಡದ್ದು.

“ನಾನೂ ಹೊಡದೀನ್ರಿ ಬಾಯಾರ,” ಅಂದರು. “ಹೊಡದ್ರ ಕಲೀತಾರ ಅಂತ ನಮ್ಮಪ್ಪ ನಮಗ ಹೊಡದ. ನಾ ಇಕಿಗಿ ಹೊಡದೆ. ಸಾಲ್ಯಾಗ ಮಾಸ್ತರ ಹೊಡದ. ಇನ್ನ ಯಾರ್ದಂತ ತಪ್ಪು ಹೇಳ್ಲಿ?”

ಮಗಳು ಗೋಡೆಗೆ ಒರಗಿ ನಿಂತಿದ್ದಳು. ಮೂಗಿನ ಮೇಲೆ ಪಟ್ಟಿ, ಕಣ್ಣಿನ ಕೆಳಗೆ ನೀಲಿ. ಅವಳು ನನ್ನ ಮುಖ ನೋಡಿಯೇ ಹೇಳಿದಳು: “ನೀವ್ ಹೊಡದಿದ್ದಕ್ಕ ಇಬ್ರೂ ಬದುಕೀವಿ, ಅದು ನನಗ ಗೊತ್ತದರಿ ಮೇಡಂ. ಆದ್ರ ಈ ಮೈಗಿ ಗೊತ್ತಿಲ್ಲ. ಅದಕ್ಕ ಎಲ್ಲಾ ಕೈನೂ ಒಂದೇ.”

ಅವರು ಕೊಟ್ಟ ಚಹಾ ಕುಡಿದೆ. ಎದ್ದು ಬರುವಾಗ, ಮುಖ್ಯ ಬೋಧಕರ ವಿಷಯ ಶಾಲೆಯ ಮಾಲೀಕರ ಹತ್ತಿರ ತೆಗೆಯುತ್ತೇನೆ, ನೀನು ಬಂದರೂ ಸರಿ ಬರದಿದ್ದರೂ ಸರಿ ಎಂದೆ. ಎರಡು ದಿನದ ನಂತರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವಳು ರೆಕ್ಕೆಯ ಕೆಳಗೆ ನಿಂತು ಪೆಟ್ರೋಲಿನಲ್ಲಿ ನೀರು ಸೇರಿದೆಯೇ ಎಂದು ಗಾಜಿನ ಕೊಳವೆಯಲ್ಲಿ ಪರೀಕ್ಷಿಸುತ್ತಿದ್ದಳು.

ಆಮೇಲೆ ಸ್ಟಾಲ್ ಪಾಠವನ್ನು ಅವಳೇ ರೂಪಿಸಿದಳು ಎನ್ನಬೇಕು. ಪ್ರತಿ ಹೆಜ್ಜೆ ತಾನೇ ಗಟ್ಟಿಯಾಗಿ ಹೇಳುತ್ತೇನೆ ಎಂದಳು. ಮೂಗು ಮ್ಯಾಲ. ಪೀಪಿ ಬಂತು. ರೆಕ್ಕಿ ಬಿತ್ತು. ಕೈ ಮುಂದ. ಬಾಯಿ ಮಾತಾಡುತ್ತಿದ್ದರೆ ಮೈಗೆ ಮುದುಡಿಕೊಳ್ಳಲು ಪುರಸೊತ್ತು ಸಿಗುವುದಿಲ್ಲ ಎಂದು ಅವಳೇ ಕಂಡುಕೊಂಡಿದ್ದಳು. ಮತ್ತೆ ರೆಕ್ಕೆ ಬಿದ್ದಾಗ ನನ್ನ ಕೈ ಎದ್ದಿತು. ಅವಳ ಭುಜ ಅದುರಿತು, ಆದರೆ ಕೈ ಮುಂದೆ ಹೋಯಿತು.

ಮಾಲೀಕರು ನನ್ನ ದೂರು ಕೇಳಿ ಬೇಸರಪಟ್ಟರು. ಮುಖ್ಯ ಬೋಧಕರಿಲ್ಲದೆ ಶಾಲೆಯ ಪರವಾನಗಿ ಉಳಿಯುವುದಿಲ್ಲ, ಬೇರೆ ಯಾವ ಹುಡುಗಿಯೂ ದೂರು ಕೊಟ್ಟಿಲ್ಲ, ನಿನ್ನ ಕೈಯಲ್ಲೇ ಅವಳ ಮೂಗು ಮುರಿದದ್ದು ಎಲ್ಲರಿಗೂ ಗೊತ್ತು ಎಂದು ಮರಾಠಿಯಲ್ಲಿ ಮೆತ್ತಗೆ ಹೇಳಿದರು. ಒಂಟಿ ಹಾರಾಟಕ್ಕೆ ಬಿಡುವ ಮುಂಚಿನ ಪರೀಕ್ಷೆ ಮುಖ್ಯ ಬೋಧಕರೇ ಮಾಡಬೇಕು, ಅದನ್ನು ಬದಲಿಸಲಾಗದು ಎಂದರು. ಹಾಗಾದರೆ ನಾಲ್ಕು ಸೀಟಿನ ವಿಮಾನದಲ್ಲಿ ಆಗಲಿ, ನಾನು ಹಿಂದೆ ಕೂರುತ್ತೇನೆ ಎಂದೆ. ಒಪ್ಪಿದರು. ಮುಖ್ಯ ಬೋಧಕರೂ ಒಪ್ಪಿದರು, ನನ್ನ ಬಗ್ಗೆ, ಕೂತು ನೋಡಲಿ, ಅವಳೂ ಕಲಿಯಲಿ ಎಂದರಂತೆ. ಬೇಡವೆನ್ನುವ ಹಕ್ಕು ನಿನಗಿದೆ ಎಂದು ನಾನು ಹುಡುಗಿಗೆ ಹೇಳಿದೆ. ಎಂದಾದರೂ ಆ ಸೀಟಿನ ಪಕ್ಕ ಕೂರಲೇಬೇಕಲ್ಲ ಎಂದು ಅವಳು ಅಂದಳು.

ಪರೀಕ್ಷೆಯ ದಿನ ಬಲಗಡೆಯಿಂದ ಸಣ್ಣ ಗಾಳಿ ಇತ್ತು. ನಾನು ಅವಳ ಹಿಂದಿನ ಸೀಟಿನಲ್ಲಿ ಕೂತೆ. ಅಲ್ಲಿಂದ ಮುಂದಿನ ಎರಡು ಸೀಟುಗಳ ನಡುವಿನ ಸಂದು, ಮುಖ್ಯ ಬೋಧಕರ ಎಡಗೈ, ಅವಳ ಬಲಭುಜ ಎಲ್ಲ ಕಾಣುತ್ತಿತ್ತು. ಮೊದಲ ಸುತ್ತು ಅವಳೇ ಪೂರ್ತಿ ನಡೆಸಿದಳು. ಇಳಿಸಿದ್ದು ಚೆನ್ನಾಗಿತ್ತು. ಎರಡನೆಯ ಸುತ್ತಿನಲ್ಲಿ ರನ್‌ವೇಗೆ ಸಮಾಂತರವಾಗಿ ಹೋಗುವಾಗ ಅವರು ಹೇಳದೆ ಕೇಳದೆ ಥ್ರಾಟಲ್ ಎಳೆದುಬಿಟ್ಟರು. ಎಂಜಿನ್ ಕೆಟ್ಟರೆ ಏನು ಮಾಡುತ್ತೀ ಎಂಬ ಪರೀಕ್ಷೆ, ನ್ಯಾಯವಾದದ್ದೇ. ಅವಳು ಬೆಚ್ಚಿದಳು, ಆದರೆ ಮೂಗು ಇಳಿಸಿ ತೇಲುವ ವೇಗ ಹಿಡಿದು ರನ್‌ವೇ ಕಡೆಗೆ ತಿರುಗಿಸಿದಳು. ಸ್ವಲ್ಪ ಎತ್ತರ ಹೆಚ್ಚಾಗಿತ್ತು. ಎತ್ತರ ಹೆಚ್ಚಾದರೆ ಕಳೆಯಬಹುದು.

ಅವರು ಹಲಗೆಯ ಅಂಚಿನಿಂದ ಅವಳ ಗೆಣ್ಣಿಗೆ ಹೊಡೆದರು. ಥ್ರಾಟಲ್ ಮೇಲಿದ್ದ ಬಲಗೈಗೆ. ಅವಳು ಕೈ ತೆಗೆಯಲಿಲ್ಲ. ಮತ್ತೆ ಹೊಡೆದರು. ಚರ್ಮ ಹರಿದು ರಕ್ತ ಥ್ರಾಟಲ್‌ನ ಕಪ್ಪು ಗುಂಡಿಯ ಮೇಲೆ ಇಳಿಯಿತು. ಅವಳು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು, ಫ್ಲಾಪ್ ಬೇಕು, ವೇಗ ಸರಿ ಅದ, ಮುಟ್ತೀನಿ. ಕನ್ನಡದ ಆ ಗೊಣಗಾಟ ಅವರನ್ನು ಕೆರಳಿಸಿತೋ ಏನೋ, ಅಂಗೈ ಬೀಸಿ ಅವಳ ಕಿವಿಯ ಮೇಲೆ ಬಾರಿಸಿದರು. ಹೆಡ್‌ಸೆಟ್ ಕಳಚಿ ಕುತ್ತಿಗೆಗೆ ಬಿತ್ತು. ತಲೆ ಕಿಟಕಿಗೆ ಬಡಿಯಿತು. ವಿಮಾನ ಎಡಕ್ಕೆ ವಾಲಿತು. ನೆಲ ಇನ್ನೂರು ಅಡಿ.

ವಿಮಾನವನ್ನು ಒಬ್ಬರಿಂದ ಇನ್ನೊಬ್ಬರು ತೆಗೆದುಕೊಳ್ಳುವಾಗ ಬಾಯಿಬಿಟ್ಟು ಹೇಳಬೇಕು, ಈಗ ನಿಯಂತ್ರಣ ನನ್ನದು ಎಂದು. ಅವರು ಅದನ್ನು ಹೇಳಿದ್ದರೆ ನಾನು ಕೂತಲ್ಲೇ ಕೂತಿರುತ್ತಿದ್ದೆ. ಅವರು ಹೇಳಲಿಲ್ಲ, ಯೋಕ್ ಮುಟ್ಟಲಿಲ್ಲ. ವಿಮಾನ ಇನ್ನೂ ಅವಳ ಕೈಯಲ್ಲಿತ್ತು. ಅವರ ಕೈ ಮತ್ತೆ ಮೇಲೆದ್ದಿತ್ತು.

ನಾನು ಬೆಲ್ಟ್ ಬಿಚ್ಚಿದೆ. ಇಳಿಯುವ ವಿಮಾನದಲ್ಲಿ ಮಾಡಬಾರದ ಕೆಲಸ ಅದು. ಸಂದಿನೊಳಗೆ ಮುಂದಕ್ಕೆ ಬಾಗಿ, ಅವರ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಸೀಟಿನ ಹಿಂದಕ್ಕೆ ತಿರುಚಿ ಎಳೆದೆ. ಅವರು ಬೈದರು, ಬಲಗೈ ಹಿಂದಕ್ಕೆ ತಂದು ನನ್ನ ಕಿರುಬೆರಳನ್ನು ಹಿಡಿದು ಮೇಲಕ್ಕೆ ಬಗ್ಗಿಸಿದರು. ಲಟಕ್ಕೆಂದಿತು. ಬಿಡಲಿಲ್ಲ. ನನ್ನ ಪೂರ್ತಿ ಭಾರ ಹಾಕಿ ಅವರ ತೋಳನ್ನು ಸೀಟಿಗೆ ಅಮುಕಿದೆ. ಎಂಜಿನ್ ತಗ್ಗಿದ್ದರಿಂದ ಕೂಗಿದರೆ ಕೇಳುತ್ತಿತ್ತು.

“ನೀ ಇಳಸು,” ಎಂದೆ. “ಈ ಕಡಿ ನೋಡಬ್ಯಾಡ.”

ಅವಳು ನೋಡಲಿಲ್ಲ. ವಾಲಿದ ರೆಕ್ಕೆಯನ್ನು ಸಮಕ್ಕೆ ತಂದಳು. ಬಲಗಡೆಯ ಗಾಳಿಗೆ ಬಲರೆಕ್ಕೆ ತುಸು ಇಳಿಸಿ, ಎಡಪೆಡಲ್ ಒತ್ತಿ ಮೂಗು ನೇರ ಮಾಡಿದಳು. ಇದನ್ನು ನಾನು ಕಣ್ಣಿಂದ ನೋಡಿದ್ದಲ್ಲ, ಮೈಗೆ ಬಂದ ಓಲಾಟದಲ್ಲಿ ಅರಿತದ್ದು. ಚಕ್ರ ತಾಗಿತು, ಪುಟಿಯಿತು. ನಾನು ಎಗರಿ ಅವರ ಸೀಟಿನ ಚೌಕಟ್ಟಿಗೆ ಹಣೆ ಬಡಿದುಕೊಂಡೆ. ಅವಳು ಒಂದಿಷ್ಟು ಥ್ರಾಟಲ್ ಕೊಟ್ಟು ಹಿಡಿದು, ಮತ್ತೆ ಕೂರಿಸಿದಳು. ಬ್ರೇಕ್ ಒತ್ತಿ, ರನ್‌ವೇಯಿಂದ ಆಚೆ ತಂದು ನಿಲ್ಲಿಸಿದಳು.

ನಿಂತ ಕೂಡಲೇ ಅವರು ಕೈ ಬಿಡಿಸಿಕೊಂಡು ತಿರುಗಿ ಹಲಗೆಯಿಂದ ನನ್ನ ಮುಖಕ್ಕೆ ಹೊಡೆದರು. ಒಂದು ಸಲ ಕೆನ್ನೆಗೆ, ಒಂದು ಸಲ ಹುಬ್ಬಿನ ಮೇಲೆ. ಕಣ್ಣಿಗೆ ರಕ್ತ ಇಳಿದು ಏನೂ ಕಾಣಲಿಲ್ಲ. ನಾನೂ ಅವರ ಕಾಲರ್ ಹಿಡಿದು ಎಳೆದೆ, ಅವರ ತಲೆ ಬಾಗಿಲಿನ ಕಂಬಕ್ಕೆ ಬಡಿಯಿತು. ಈ ಗದ್ದಲದ ನಡುವೆ ಅವಳು ಎಂಜಿನ್ ನಿಲ್ಲಿಸಿ, ರೇಡಿಯೋ ಬಂದ್ ಮಾಡಿ, ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸುವ ಟಿಕ್ ಟಿಕ್ ಸದ್ದು ನನಗೆ ಕೇಳುತ್ತಿತ್ತು. ಮೆಕ್ಯಾನಿಕ್‌ಗಳು ಓಡಿಬಂದು ಬಾಗಿಲು ತೆರೆದು ನಮ್ಮಿಬ್ಬರನ್ನು ಎಳೆದು ಬೇರ್ಪಡಿಸಿದರು.

ವಿಮಾನಯಾನ ಇಲಾಖೆಯ ವಿಚಾರಣೆ ನಡೆಯಿತು. ಹಾರಾಟದಲ್ಲಿದ್ದ ವಿಮಾನದೊಳಗೆ ಪೈಲಟ್‌ನ ಮೇಲೆ ಕೈ ಮಾಡಿದ್ದಕ್ಕೆ ನನ್ನ ಲೈಸೆನ್ಸ್ ಅಮಾನತಾಯಿತು. ಆ ನಿರ್ಣಯ ತಪ್ಪೆಂದು ನಾನು ಎಂದೂ ವಾದಿಸಿಲ್ಲ. ಎಳೆಯುವಾಗ ಅವರ ಕಾಲು ಯೋಕ್‌ಗೆ ಸಿಕ್ಕಿದ್ದರೆ ಮೂವರೂ ಕಬ್ಬಿನಲ್ಲಿ ಸುಟ್ಟುಹೋಗುತ್ತಿದ್ದೆವು. ಅವರ ಲೈಸೆನ್ಸೂ ಅಮಾನತಾಯಿತು. ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. ಎರಡನೆಯ ದಿನ ಇಬ್ಬರು ಹುಡುಗಿಯರು ತೋಳು ಮಡಚಿ ತೋರಿಸಿದರು. ಆಮೇಲೆ ಒಬ್ಬ ಹುಡುಗ ಎದ್ದು ತನ್ನ ಒಂದು ಕಿವಿ ಸರಿಯಾಗಿ ಕೇಳುವುದಿಲ್ಲ ಎಂದ. ಅವನೂ ಅಷ್ಟು ದಿನ ನಗುತ್ತಿದ್ದವನೇ.

ನನ್ನ ವಿದ್ಯಾರ್ಥಿನಿಯನ್ನು ಅಧಿಕಾರಿಗಳು ಬಹಳ ಹೊತ್ತು ಪ್ರಶ್ನಿಸಿದರು. ಯಾರು ಮೊದಲು ಹಿಡಿದರು, ಬೆರಳು ಯಾರು ಮುರಿದರು, ಆ ಹೊತ್ತಿಗೆ ಮುಖ್ಯ ಬೋಧಕರ ಬಲಗೈ ಎಲ್ಲಿತ್ತು. ಪ್ರತಿಯೊಂದಕ್ಕೂ ಅವಳು ನಾನು ನೋಡಿಲ್ಲ ಎಂದಳು. ನನ್ನ ಪರವಾಗಿ ಒಂದು ಮಾತು ಹೇಳುತ್ತಾಳೆಂದು ಕಾದಿದ್ದೆ. ಹೇಳಲಿಲ್ಲ. ಮತ್ತೆ ಮತ್ತೆ ಕೇಳಿದಾಗ, ಆಗ ತಾನು ವಿಮಾನ ಇಳಿಸುತ್ತಿದ್ದೆ, ರನ್‌ವೇ ಬಿಟ್ಟು ಬೇರೆ ಏನೂ ನೋಡಿಲ್ಲ ಎಂದಳು.

ಅವಳನ್ನು ಬೇರೆ ಶಾಲೆಗೆ ವರ್ಗ ಮಾಡಿದರು. ಅಲ್ಲಿ ಒಂಟಿಯಾಗಿ ಹಾರಿದ ದಿನ ಸಂಜೆ ಖರಾಡಿಯ ನನ್ನ ಮನೆಗೆ ಪೇಢೆ ತಗೊಂಡು ಬಂದಳು. ಹೊಸ ಶಾಲೆಯ ವಿಮಾನ, ಅಲ್ಲಿಯ ಗಾಳಿ, ಇಳಿದ ಮೇಲೆ ಸಂಪ್ರದಾಯದಂತೆ ತಲೆಯ ಮೇಲೆ ಸುರಿದ ಬಕೆಟ್ ನೀರು, ಎಲ್ಲ ಹೇಳಿದಳು. ಅವಳ ಮೂಗು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ನನ್ನ ಕಿರುಬೆರಳಿಗೆ ಇನ್ನೂ ಪಟ್ಟಿ ಇತ್ತು. ತಡೆಯಲಾರದೆ ಕೇಳಿಬಿಟ್ಟೆ, ಆವತ್ತು ನಾನು ಮಾಡಿದ್ದು ಸರಿ ಅನ್ನಿಸುತ್ತದೆಯೇ ಎಂದು.

ಅವಳು ಪೇಢೆಯ ಡಬ್ಬಿ ಮುಚ್ಚಿದಳು.

“ಖರೇ ಹೇಳ್ಲಿರಿ ಮೇಡಂ?” ಅಂದಳು. “ನೀವಿಬ್ರೂ ಕೈ ಸುಮ್ನ ಇಟ್ಕೊಂಡಿದ್ರ ಆ ಲ್ಯಾಂಡಿಂಗ್ ಇನ್ನೂ ಛಲೋ ಬರ್ತಿತ್ತು.”